ಬೇಲಿ ಹಾಕೋಕೂ ಹೊಲ ಬೇಕಲ್ಲ..

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಇದ್ದ ಒಂದೇ ವಿಷಯ ಬರೆಯೋ ಹಾಗಿರಲಿಲ್ಲ. ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಕಥೆ ಯಾರದೋ ಆ ಹುಡುಗನೂ "ಬರೀರಿ ಮಾಮ, ಹೆಸರು ಮಾತ್ರ ಹಾಕ್ಬೇಡಿ" ಅಂದಿದ್ದಾನೆ. ಹಾಗಾಗಿ ಅವನನ್ನ ಇಲ್ಲಿ ಪುಟ್ಟ ಅಂತ ಕರೀತೀನಿ. ಮನೆಯಲ್ಲಿ ಕರೆಯೋದೂ ಹಾಗೇ.

ಪುಟ್ಟ ನನ್ನ ಅಕ್ಕನ ಮಗ. ಊರು ಮಂಡ್ಯ. ಇಂಜಿನಿಯರಿಂಗ್ ಮುಗಿಸಿ ಮೈಸೂರು ರಸ್ತೆಯ ಒಂದು ಸಾಫ್ಟ್‌ವೇರ್ ಕಂಪೆನಿ ಸೇರಿದ ಮೇಲೆ ಕೆಂಗೇರಿ ಉಪನಗರದ ನಮ್ಮ ಮನೆಯ ಮಹಡಿ ರೂಮಿನಲ್ಲೇ ಇದ್ದಾನೆ. ಬಾಡಿಗೆ ಇಲ್ಲ, ರಾತ್ರಿ ಊಟ ನಮ್ಮ ಜೊತೆ. ಅಕ್ಕ ತಿಂಗಳಿಗೊಂದು ಸಲ ರೈಲು ಹತ್ತಿ ಕೆಂಗೇರಿ ಸ್ಟೇಷನ್ನಿನಲ್ಲಿ ಇಳಿದು, ಒಂದು ಚೀಲ ತರಕಾರಿ, ಒಂದು ಡಬ್ಬ ಚಕ್ಕುಲಿ ಕೊಟ್ಟು, ಮಗನ ಮುಖ ನೋಡಿಕೊಂಡು ಸಂಜೆ ರೈಲಿಗೆ ವಾಪಸ್ ಹೋಗ್ತಾಳೆ.

2024ರ ಜೂನ್ 9, ಭಾನುವಾರ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಐದು ದಿನ ಆಗಿತ್ತು. ನಾನು ಪೇಪರ್ ಹಿಡ್ಕೊಂಡು ಕೂತಿದ್ದೆ. ಪುಟ್ಟ ಕೆಳಗಿಳಿದು ಬಂದು ಮೊಬೈಲ್ ನನ್ನ ಕೈಗಿಟ್ಟ.

"ಮಾಮ, ಇದರಲ್ಲಿ ಇಂಗ್ಲಿಷ್ ಏನಾದ್ರೂ ತಪ್ಪಿದ್ಯಾ ನೋಡಿ."

ನೋಡಿದ್ರೆ ರಾಜೀನಾಮೆ ಪತ್ರ!

"ಬೇರೆ ಕಡೆ ಸಿಕ್ತೇನೋ?"

"ಇಲ್ಲ ಮಾಮ. ಫುಲ್ ಟೈಮ್ ಟ್ರೇಡಿಂಗ್ ಮಾಡ್ತೀನಿ. ನಿಖಿಲ್ ಕಾಮತ್ ಹತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋರು. ಕಾಲ್ ಸೆಂಟರಲ್ಲಿ ಎಂಟು ಸಾವಿರ ಸಂಬಳ. ಈಗ ಎಲ್ಲಿದ್ದಾರೆ ನೋಡಿ. ನಾನು ಇಂಜಿನಿಯರ್."

ಅವನ ಮುಖ ನೋಡಿದೆ. ಕಣ್ಣು ಕೆಂಪಗಿತ್ತು. ಹೊಸ ಕೆಲಸಕ್ಕೆ ಹೊರಟವನ ಮುಖ ಹಾಗಿರೋಲ್ಲ. ನನಗೆ ಆ ಮುಖದ ಪರಿಚಯ ಇತ್ತು, ಯಾಕೆ ಅಂತ ಆಮೇಲೆ ಹೇಳ್ತೀನಿ.

"ಎಷ್ಟು ಹೋಯ್ತೋ?" ಅಂದೆ.

ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ನಾಲ್ಕು ಲಕ್ಷ ಮಾಮ" ಅಂದ.

*

ಆಗಿದ್ದು ಇಷ್ಟು. ಮೂರು ತಿಂಗಳಿಂದ ಆಪ್ಷನ್ಸ್ ಆಡ್ತಿದ್ದ. ಮೊದಮೊದಲು ಲಾಭ ಬಂದಿತ್ತು. ಷೇರುಪೇಟೆ ಗೊತ್ತಿಲ್ಲದವರಿಗೆ ಒಂದು ಮಾತು. ನಿಫ್ಟಿ ಅಂದ್ರೆ 50 ದೊಡ್ಡ ಕಂಪೆನಿಗಳ ಷೇರಿನ ಸೂಚ್ಯಂಕ. ಅದು ಏರುತ್ತೆ ಅಂತ ಅನ್ನಿಸಿದ್ರೆ 'ಕಾಲ್' ಅನ್ನೋ ಒಂದು ಚೀಟಿ ಕೊಳ್ಳಬಹುದು. ಆಗ ಒಂದು ಲಾಟ್ ಅಂದ್ರೆ 25. ಚೀಟಿಯ ಬೆಲೆ 300 ರೂಪಾಯಿ ಅಂದುಕೊಳ್ಳಿ, 25 ಸಲ 300, ಅಂದ್ರೆ 7,500 ರೂಪಾಯಿ ಕೊಟ್ರೆ ಸಾಕು, ಸುಮಾರು ಐದೂಮುಕ್ಕಾಲು ಲಕ್ಷದ ವ್ಯವಹಾರದ ಏರಿಕೆ ನಿಮ್ಮದು. ಏರದೇ ಹೋದ್ರೆ ಆ 7,500 ಪೂರ್ತಿ ಹೋಯ್ತು. ಚೀಟಿಗೆ ಗಡುವು ಬೇರೆ ಇರುತ್ತೆ. ಗಡುವು ಹತ್ತಿರ ಬಂದ ಹಾಗೆಲ್ಲ ನಿಫ್ಟಿ ನಿಂತಲ್ಲೇ ನಿಂತಿದ್ರೂ ಚೀಟಿಯ ಬೆಲೆ ಕರಗ್ತಾ ಹೋಗುತ್ತೆ, ಬಿಸಿಲಿಗಿಟ್ಟ ಐಸ್‌ಕ್ಯಾಂಡಿ ಥರ.

ಪುಟ್ಟ ಮೇ ತಿಂಗಳ ಕೊನೆಗೆ ಕಾಲ್ ಕೊಂಡಿದ್ದ. ತನ್ನ ಉಳಿತಾಯ 1 ಲಕ್ಷ 20 ಸಾವಿರ, ಜೊತೆಗೆ ಬೈಕ್ ತಗೋ ಅಂತ ಅಕ್ಕ ಚೀಟಿ ಎತ್ತಿ ಕೊಟ್ಟಿದ್ದ 80 ಸಾವಿರ. ಮತಗಟ್ಟೆ ಸಮೀಕ್ಷೆ ಬಂತು. ಜೂನ್ 3ರ ಸೋಮವಾರ ನಿಫ್ಟಿ ಒಂದೇ ದಿನ 733 ಅಂಶ ಏರಿತು. ಮೊಬೈಲ್ ಪರದೆಯಲ್ಲಿ ಅವನಿಗೆ ಲಕ್ಷಕ್ಕೂ ಮೇಲೆ ಲಾಭ! ಮಾರಿದ್ನಾ? ಇಲ್ಲ. ಮಾರದೇ, ಅವತ್ತು ಮಧ್ಯಾಹ್ನವೇ ಎರಡು ಲಕ್ಷ ಸಾಲ ತೆಗೆದು ಇನ್ನಷ್ಟು ಕೊಂಡ. ಮಾರನೇ ದಿನ ಎಣಿಕೆ. ನಿಫ್ಟಿ 23,263ರಿಂದ 21,884ಕ್ಕೆ ಇಳಿದು ನಿಂತಿತು, ಹತ್ತಿರ ಹತ್ತಿರ ಶೇಕಡಾ 6. ಸಂಜೆ ಅವನ ಖಾತೆಯಲ್ಲಿ ಉಳಿದಿದ್ದು 11,340 ರೂಪಾಯಿ.

ನಾಲ್ಕು ದಿನ ಅವನು ನಮ್ಮ ಜೊತೆ ಕೂತು ಮುದ್ದೆ ತಿಂದಿದ್ದ. ನಮಗೆ ಏನೂ ಗೊತ್ತಾಗಲಿಲ್ಲ. ಅಕ್ಕ ಫೋನಿನಲ್ಲಿ "ಬೈಕ್ ಯಾವ ಬಣ್ಣದ್ದು ತಗೊಂಡೆ?" ಅಂತ ಕೇಳ್ತಾನೇ ಇದ್ದಳು.

ಬೈಯೋಣ ಅಂತ ಬಾಯಿವರೆಗೂ ಬಂತು. ಬೈಯೋ ಹಕ್ಕು ನನಗಿರಲಿಲ್ಲ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿದ್ದಾಗ, ಕುಂಬಳಗೋಡಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯೋ ಕೆಲಸದಲ್ಲಿದ್ದ ನಾನು ಒಂದೂವರೆ ಲಕ್ಷ ಸಾಲ ಮಾಡಿ ಷೇರು ಕೊಂಡಿದ್ದೆ. ಅದೇ ತಿಂಗಳು ಬೀಳೋಕೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಸೆನ್ಸೆಕ್ಸ್ 8 ಸಾವಿರದ ಕೆಳಗಿತ್ತು. ಹೆಂಡತಿಗೆ ಹೇಳಲಿಲ್ಲ. "ಈ ಸಲ ಫ್ಯಾಕ್ಟರಿಯಲ್ಲಿ ಬೋನಸ್ ಇಲ್ಲ" ಅಂತ ಎರಡು ದೀಪಾವಳಿ ಸುಳ್ಳು ಹೇಳಿ, ಮೂರು ವರ್ಷ ಬಡ್ಡಿ ಕಟ್ಟಿದೆ. ಆ ದಿನಗಳಲ್ಲಿ ಶೇವ್ ಮಾಡೋವಾಗ ಕನ್ನಡಿಯಲ್ಲಿ ಕಾಣ್ತಿದ್ದ ಮುಖವೇ ಈಗ ಎದುರಿಗೆ ನಿಂತಿದ್ದು.

"ಸರಿ ಕಣೋ. ಪತ್ರದಲ್ಲಿ ಇಂಗ್ಲಿಷ್ ಚೆನ್ನಾಗೇ ಇದೆ. ಕಳಿಸೋಕೆ ಮುಂಚೆ ಒಂದು ಕೆಲಸ ಮಾಡು. ಆ ಕಾಮತ್ ಕಥೆ ನನಗೆ ಪೂರ್ತಿ ಹೇಳು. ಎಂಟು ಸಾವಿರ ಸಂಬಳದಿಂದ ಇಲ್ಲಿವರೆಗೆ. ಮಧ್ಯ ಏನಾಯ್ತು ಅಂತ ಬಿಡದೇ ಹೇಳಬೇಕು" ಅಂದೆ.

*

ಅವತ್ತು ಸಂಜೆ, ಮತ್ತೆ ಆ ವಾರ ಪೂರ್ತಿ, ಊಟ ಆದ ಮೇಲೆ ಇಬ್ಬರೂ ಕೂತು ಓದಿದ್ವಿ, ಸಂದರ್ಶನ ನೋಡಿದ್ವಿ. ಪುಟ್ಟನಿಗೆ ಗೊತ್ತಿದ್ದಿದ್ದು ಕಥೆಯ ಮೊದಲ ಸಾಲು ಮತ್ತೆ ಕೊನೇ ಸಾಲು. ನನಗೆ ಅಷ್ಟೂ ಗೊತ್ತಿರಲಿಲ್ಲ.

ಅಣ್ಣ ನಿತಿನ್, ತಮ್ಮ ನಿಖಿಲ್. ಕೊಂಕಣಿ ಮನೆಮಾತಿನ ಕುಟುಂಬ. ಅಪ್ಪ ಕೆನರಾ ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದವರು, ಅಮ್ಮ ವೀಣೆ ಕಲಿಸ್ತಿದ್ದವರು. ನಮ್ಮ ನಿಮ್ಮ ಬೀದಿಯಲ್ಲಿ ಇರಬಹುದಾದ ಮನೆ. ನಿತಿನ್ ನಮ್ಮ ವಿ.ವಿ. ಪುರದ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಇಂಜಿನಿಯರಿಂಗ್ ಓದಿದವರು. ಹದಿನೇಳನೇ ವಯಸ್ಸಿಗೇ ಟ್ರೇಡಿಂಗ್ ಹುಚ್ಚು. 2000ದ ದಶಕದ ಆರಂಭದಲ್ಲಿ ಗಳಿಸಿದ್ದನ್ನೆಲ್ಲ ಕಳಕೊಂಡರು. ಆಮೇಲೆ ರಾತ್ರಿ ಕಾಲ್ ಸೆಂಟರ್, ಹಗಲು ಟ್ರೇಡಿಂಗ್, ಹೀಗೆ ಕೆಲವು ವರ್ಷ.

"ನೋಡಿದ್ರಾ? ಅವರೂ ಕಳಕೊಂಡಿದ್ರು" ಅಂದ ಪುಟ್ಟ, ಸ್ವಲ್ಪ ಖುಷಿಯಿಂದ.

"ಕಳಕೊಂಡ ಮೇಲೆ ಏನು ಮಾಡಿದ್ರು?"

"ಕಾಲ್ ಸೆಂಟರ್ ಸೇರಿದ್ರು.."

"ಅಂದ್ರೆ ಕೆಲಸ ಬಿಡಲಿಲ್ಲ, ಸೇರಿದ್ರು."

ಮುಂದೆ ಓದಿದ್ವಿ. ತಮ್ಮ ನಿಖಿಲ್ ಶಾಲೆ ಬಿಟ್ಟು ಹದಿನೇಳನೇ ವಯಸ್ಸಿಗೆ ಕಾಲ್ ಸೆಂಟರ್ ಸೇರಿದ್ದು, ಸಂಬಳ ತಿಂಗಳಿಗೆ ಎಂಟು ಸಾವಿರ ಇದ್ದಿದ್ದು, ಎಲ್ಲ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅಪ್ಪ ತಮ್ಮ ಉಳಿತಾಯದ ಸ್ವಲ್ಪ ಹಣ ಕೊಟ್ಟು ನೋಡಿಕೋ ಅಂದರಂತೆ. ಅಪ್ಪ ಕಣ್ಣು ಮುಚ್ಚಿ ನಂಬಿದ್ದು ನೋಡಿ ಜವಾಬ್ದಾರಿಯ ಭಾರ ಬಂತಂತೆ. ಆಮೇಲೆ ಕಾಲ್ ಸೆಂಟರಿನ ಸಹೋದ್ಯೋಗಿಗಳು ತಮ್ಮ ದುಡ್ಡು ಕೊಡೋಕೆ ಶುರು ಮಾಡಿದ್ರು. ಇಲ್ಲಿ ಪುಟ್ಟ ಸುಮ್ಮನಾದ. ಅಕ್ಕ ಕೊಟ್ಟ 80 ಸಾವಿರ ನೆನಪಾಗಿರಬೇಕು. ಆ ಅಪ್ಪ ಷೇರಿಗೆ ಅಂತ ತಿಳಿದೇ ಕೊಟ್ಟಿದ್ರು. ನಮ್ಮ ಅಕ್ಕ ಕೊಟ್ಟಿದ್ದು ಬೈಕಿಗೆ.

ಅಣ್ಣ ತಮ್ಮ ಇಬ್ಬರೂ ಬೇರೆಯವರ ಹಣ ನೋಡಿಕೊಳ್ಳೋ ಕೆಲಸ ಬೆಳೆಸಿದ್ರು. 2006ರಲ್ಲಿ ನಿತಿನ್ ಒಂದು ದೊಡ್ಡ ಬ್ರೋಕರ್ ಕಂಪೆನಿಯ ಸಬ್ ಬ್ರೋಕರ್ ಆದರು. 2010ರ ಆಗಸ್ಟ್ 15ಕ್ಕೆ ಬೆಂಗಳೂರಿನಲ್ಲಿ ಝೆರೋಧಾ ಶುರು. ಝೀರೋ ಮತ್ತೆ ಸಂಸ್ಕೃತದ 'ರೋಧ', ಅಂದ್ರೆ ಅಡೆತಡೆ ಇಲ್ಲದ್ದು ಅಂತ ಅರ್ಥ. ಆಗ ದೊಡ್ಡ ಬ್ರೋಕರ್‌ಗಳು ವ್ಯವಹಾರದ ಮೊತ್ತದ ಮೇಲೆ ಶೇಕಡಾವಾರು ಲೆಕ್ಕದಲ್ಲಿ ದಲ್ಲಾಳಿ ತಗೋತಿದ್ರು. ಇವರು ಎಷ್ಟು ದೊಡ್ಡ ವ್ಯವಹಾರ ಆದ್ರೂ ಒಂದು ಆರ್ಡರಿಗೆ 20 ರೂಪಾಯಿ ಮೀರದ ದರ ಇಟ್ಟರು. 2015ರ ಡಿಸೆಂಬರಿನಲ್ಲಿ ಷೇರು ಕೊಂಡು ಇಟ್ಟುಕೊಳ್ಳೋರಿಗೆ ದಲ್ಲಾಳಿಯೇ ಬೇಡ ಅಂದರು. ಹೊರಗಿನವರ ಬಂಡವಾಳ ತಗೊಳ್ಳಲಿಲ್ಲ. 2019ರ ಆರಂಭದಲ್ಲಿ ದೇಶದಲ್ಲೇ ಅತಿ ಹೆಚ್ಚು ಸಕ್ರಿಯ ಗ್ರಾಹಕರಿದ್ದ ಬ್ರೋಕರ್ ಆಯ್ತು (2023ರಲ್ಲಿ ಆ ಸ್ಥಾನ ಗ್ರೋ ಪಾಲಾಯ್ತು). 2023–24ರಲ್ಲಿ ಲಾಭವೇ ಸುಮಾರು 4,700 ಕೋಟಿ.

"ಪುಟ್ಟ, ಈಗ ಹೇಳು. ಈ 4,700 ಕೋಟಿ ನಿಫ್ಟಿ ಏರುತ್ತೋ ಇಳಿಯುತ್ತೋ ಅಂತ ಊಹೆ ಮಾಡಿ ಬಂದಿದ್ದಾ?"

ಇಲ್ಲ ಅಂತ ತಲೆಯಾಡಿಸಿದ.

ನನ್ನ ಫ್ಯಾಕ್ಟರಿ ಇರೋ ಕುಂಬಳಗೋಡು ದಾಟಿ ಸ್ವಲ್ಪ ಮುಂದೆ ಹೋದ್ರೆ ಕಣಿಮಿಣಿಕೆ ಟೋಲ್ ಸಿಗುತ್ತೆ. 2023ರ ಮಾರ್ಚಿನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಎರಡೇ ದಿನಕ್ಕೆ ಅಲ್ಲಿ ವಸೂಲಿ ಶುರುವಾಗಿತ್ತು. ಟೋಲ್ ಕಟ್ಟಿದ ಕಾರು ಮೈಸೂರು ಮುಟ್ಟುತ್ತೋ, ಮದ್ದೂರಿನಲ್ಲಿ ಕೆಟ್ಟು ನಿಲ್ಲುತ್ತೋ, ಟೋಲಿಗೆ ಎರಡೂ ಒಂದೇ. ಕಾಮತ್ ಸಹೋದರರು ಹತ್ತು ಹದಿನೈದು ವರ್ಷ ಆ ರಸ್ತೆಯಲ್ಲಿ ತಾವೇ ಗಾಡಿ ಓಡಿಸಿದವರು. ಗುಂಡಿ ಎಲ್ಲಿದೆ ಅಂತ ಗೊತ್ತಿತ್ತು. ಆಮೇಲೆ ಅದೇ ರಸ್ತೆಯಲ್ಲಿ ಒಳ್ಳೆ ಟೋಲ್ ಕಟ್ಟಿದರು, ಬೇರೆಯವರಿಗಿಂತ ಕಮ್ಮಿ ದರದ್ದು. ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ್ರೆ ಆಗುತ್ತಾ ಅಂತ ನಮ್ಮಲ್ಲಿ ಗಾದೆಯೇ ಇದೆ. ಆದ್ರೆ ಇವರು ಒಂದು ಮಟ್ಟಿಗೆ ಸುಖದುಃಖವನ್ನೂ ಹೇಳ್ತಾರೆ. ನಿತಿನ್ ಕಾಮತ್ ಬಹಿರಂಗವಾಗೇ ಹೇಳಿದ್ದಾರೆ: ಮೂರು ವರ್ಷದ ಅವಧಿ ತಗೊಂಡ್ರೆ, ಸಕ್ರಿಯವಾಗಿ ಟ್ರೇಡ್ ಮಾಡೋರಲ್ಲಿ ಬ್ಯಾಂಕಿನ ಎಫ್‌ಡಿಗಿಂತ ಹೆಚ್ಚು ಗಳಿಸೋರು ಶೇಕಡಾ ಒಂದಕ್ಕಿಂತ ಕಮ್ಮಿ.

ಕೆನರಾ ಬ್ಯಾಂಕ್ ಉದ್ಯೋಗಿಯ ಮಗ, ಟ್ರೇಡಿಂಗ್‌ನಿಂದಲೇ ದೊಡ್ಡವನಾದವನು, ಕೊನೆಗೆ ಅಪ್ಪನ ಬ್ಯಾಂಕಿನ ಎಫ್‌ಡಿಯನ್ನೇ ಅಳತೆಗೋಲು ಮಾಡಿಕೊಂಡದ್ದು ನನಗೆ ತಮಾಷೆ ಅನ್ನಿಸ್ತು. ಪುಟ್ಟನಿಗೆ ತಮಾಷೆ ಅನ್ನಿಸಲಿಲ್ಲ :(

*

ಮೂರನೇ ರಾತ್ರಿ ಪುಟ್ಟ ಇನ್ನೊಂದು ಬಾಣ ಬಿಟ್ಟ. "ಟೋಲ್ ಸರಿ ಮಾಮ. ಆದ್ರೆ ನಿಖಿಲ್ ಹೆಡ್ಜ್ ಫಂಡ್ ಥರದ್ದೂ ಮಾಡಿದ್ರಲ್ಲ, ಟ್ರೂ ಬೀಕನ್. ಅದು ಟೋಲ್ ಅಲ್ಲ, ಹೂಡಿಕೆನೇ."

ಹೌದು. 2020ರ ಆಸುಪಾಸಿನಲ್ಲಿ ನಿಖಿಲ್ ಶುರು ಮಾಡಿದ್ದು. ನಿಜ ಹೇಳಬೇಕಂದ್ರೆ ಹೆಡ್ಜ್ ಫಂಡ್ ಅಂದ್ರೆ ಏನು ಅಂತ ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಸಿನಿಮಾದಲ್ಲಿ ಕೋಟು ಹಾಕಿಕೊಂಡು ಫೋನಿನಲ್ಲಿ ಕಿರುಚೋ ಜನ ಅಂದುಕೊಂಡಿದ್ದೆ. ನಿಘಂಟು ತೆಗೆದ್ರೆ, ಹೆಡ್ಜ್ ಅಂದ್ರೆ ಬೇಲಿ!

ಬೇಲಿ ಅಂದ ತಕ್ಷಣ ಅರ್ಥ ಆಗೋಕೆ ಶುರುವಾಯ್ತು. 1949ರಲ್ಲಿ ಅಮೆರಿಕದಲ್ಲಿ ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್ ಅನ್ನೋರು ಮೊದಲ ಹೆಡ್ಜ್ ಫಂಡ್ ಶುರು ಮಾಡಿದ್ರು. ಓದಿದ್ದು ಸಮಾಜಶಾಸ್ತ್ರ, ಕೆಲಸ ಪತ್ರಿಕೆಗೆ ಬರೆಯೋದು. ಒಟ್ಟು 1 ಲಕ್ಷ ಡಾಲರ್, ಅದರಲ್ಲಿ 40 ಸಾವಿರ ತಮ್ಮದೇ. ಒಳ್ಳೆ ಷೇರು ಅನ್ನಿಸಿದ್ದನ್ನ ಕೊಳ್ಳೋದು, ಕೆಟ್ಟದ್ದು ಅನ್ನಿಸಿದ್ದನ್ನ ಬೇರೆಯವರಿಂದ ಸಾಲ ತಂದು ಇವತ್ತಿನ ಬೆಲೆಗೆ ಮಾರೋದು, ಬೆಲೆ ಬಿದ್ದ ಮೇಲೆ ಕೊಂಡು ವಾಪಸ್ ಕೊಡೋದು. ಮಾರುಕಟ್ಟೆ ಪೂರ್ತಿ ಬಿದ್ರೆ ಕೊಂಡದ್ದರಲ್ಲಿ ನಷ್ಟ, ಮಾರಿದ್ದರಲ್ಲಿ ಲಾಭ. ಏರಿದ್ರೆ ಅದಲು ಬದಲು. ಒಟ್ಟಿನಲ್ಲಿ ಒಂದೇ ಏಟಿಗೆ ಮಣ್ಣು ಪಾಲಾಗಬಾರದು. ಅದಕ್ಕೇ ಬೇಲಿ ಅನ್ನೋ ಹೆಸರು. ಲಾಭ ಬಂದ್ರೆ ಅದರಲ್ಲಿ ಶೇಕಡಾ 20 ಅವರ ಕೂಲಿ.

ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಇದೆ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನೋ ಅಮೆರಿಕದ ಹೆಡ್ಜ್ ಫಂಡಿನಲ್ಲಿ ಇಬ್ಬರು ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಿದ್ದರು, ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್. ಪ್ರಶಸ್ತಿ ಬಂದಿದ್ದು 1997ರಲ್ಲಿ. ಅವರ ಲೆಕ್ಕ ಎಷ್ಟು ಚೆನ್ನಾಗಿತ್ತಂದ್ರೆ, ಅದನ್ನ ನಂಬಿ ತಮ್ಮ ಒಂದು ಡಾಲರಿಗೆ 25 ಡಾಲರಿನ ವ್ಯವಹಾರ ಇಟ್ಟುಕೊಂಡಿದ್ರು. 1998ರಲ್ಲಿ ರಷ್ಯಾ ಸಾಲ ತೀರಿಸೋಲ್ಲ ಅಂದಿದ್ದೇ ತಡ, ಕೆಲವೇ ತಿಂಗಳಲ್ಲಿ 460 ಕೋಟಿ ಡಾಲರ್ ಹೋಯ್ತು. ಹದಿನಾಲ್ಕು ಬ್ಯಾಂಕು, ಹಣಕಾಸು ಸಂಸ್ಥೆಗಳು ಸೇರಿ 360 ಕೋಟಿ ಡಾಲರ್ ಹಾಕಿ ಎತ್ತಬೇಕಾಯ್ತು.

"ನೊಬೆಲ್ ಬಂದೋರೂ ಮುಳುಗಿದ್ದು ಸಾಲದಿಂದ ಕಣೋ, ಬುದ್ಧಿ ಕಮ್ಮಿಯಾಗಿ ಅಲ್ಲ" ಅಂದೆ. ಸೋಮವಾರ ಮಧ್ಯಾಹ್ನದ ಎರಡು ಲಕ್ಷ ಇಬ್ಬರಿಗೂ ನೆನಪಿತ್ತು, ಹೇಳಬೇಕಾಗಿರಲಿಲ್ಲ.

ಈಗ ಟ್ರೂ ಬೀಕನ್‌ಗೆ ಬರೋಣ. ನಮ್ಮ ದೇಶದಲ್ಲಿ ಇಂಥ ಫಂಡ್‌ಗಳಿಗೆ ಸೆಬಿ 2012ರಲ್ಲಿ ನಿಯಮ ತಂತು. ಪರ್ಯಾಯ ಹೂಡಿಕೆ ನಿಧಿ ಅಂತ ಹೆಸರು, ಅದರಲ್ಲಿ ಮೂರನೇ ವರ್ಗ ಹೆಡ್ಜ್ ಫಂಡ್ ಥರದ್ದು. ನಿಖಿಲ್ ಫಂಡಿನ ದಾರಿ ಕೇಳಿದ್ರೆ ಬೇಜಾರಾಗುವಷ್ಟು ಸರಳ. ದೊಡ್ಡ ದೊಡ್ಡ ಕಂಪೆನಿಗಳ ಷೇರು ಕೊಂಡು ಇಟ್ಟುಕೊಳ್ಳೋದು, ಬೀಳೋ ಭಯಕ್ಕೆ ಸೂಚ್ಯಂಕದ ಡೆರಿವೇಟಿವ್ ಬಳಸಿ ಬೇಲಿ ಹಾಕೋದು. ಶುಲ್ಕದಲ್ಲಿ ಮಾತ್ರ ಹೊಸತನ. ಲೋಕದಲ್ಲೆಲ್ಲ ಹೆಡ್ಜ್ ಫಂಡ್‌ನವರು ಲಾಭ ಬರಲಿ ಬಿಡಲಿ ವರ್ಷಕ್ಕೆ ಶೇಕಡಾ 2, ಲಾಭ ಬಂದ್ರೆ ಅದರಲ್ಲಿ 20 ತಗೊಳ್ಳೋದು ರೂಢಿ. ಇವರು ನಿರ್ವಹಣಾ ಶುಲ್ಕವೇ ಬೇಡ, ಲಾಭ ಬಂದ್ರೆ ಅದರಲ್ಲಿ ಶೇಕಡಾ 10 ಕೊಡಿ ಅಂದರು. ನಿಮಗೆ ಬಂದ್ರೆ ನಮಗೂ, ಇಲ್ಲದಿದ್ರೆ ಇಬ್ಬರಿಗೂ ಇಲ್ಲ.

"ಸೂಪರ್ ಅಲ್ವಾ ಮಾಮ?"

"ಸೂಪರ್ರೇ. ಸೇರೋಕೆ ಎಷ್ಟು ಬೇಕು ಓದು."

ಮೂರನೇ ವರ್ಗದ ನಿಧಿಗೆ ಸೇರೋಕೆ ಕಾನೂನಿನ ಪ್ರಕಾರ ಕನಿಷ್ಠ 1 ಕೋಟಿ ರೂಪಾಯಿ ಬೇಕು.

ಪುಟ್ಟ ಮೊದಲ ಸಲ ನಕ್ಕ. ಖಾತೆಯಲ್ಲಿ 11,340 ಇದ್ದವನ ನಗು.

ಅಲ್ಲಿಗೆ ನನಗೂ ಒಂದು ವಿಷಯ ಹೊಳೀತು. ಬೇಲಿ ಹಾಕೋಕೂ ಮೊದಲು ಹೊಲ ಬೇಕಲ್ಲ.. ಆಪ್ಷನ್ ಅನ್ನೋದನ್ನ ನಿಖಿಲ್ ಬಳಸಿದ್ದು ಇದ್ದ ಹೊಲ ಕಾಯೋ ಬೇಲಿಯಾಗಿ. ಪುಟ್ಟನ ಹತ್ತಿರ ಹೊಲವೇ ಇಲ್ಲ, ಬರೀ ಬೇಲಿಯ ಗೂಟ ತಂದು ರಸ್ತೆ ಮಧ್ಯೆ ನೆಟ್ಟು ಬೆಳೆ ಬರುತ್ತೆ ಅಂತ ಕೂತಿದ್ದ. ವಸ್ತು ಒಂದೇ, ಕೆಲಸ ಉಲ್ಟಾ. ಕಾಮತ್ ಸಹೋದರರ ಕಥೆಯಲ್ಲಿ ಪುಟ್ಟ ಹಾರಿಸಿ ಓದಿದ್ದ ಭಾಗ ಅಂದ್ರೆ ಆ ಹತ್ತು ಹದಿನೈದು ವರ್ಷ, ಹೊಲ ಮಾಡಿಕೊಂಡ ವರ್ಷಗಳು. ಅದು ರಾತ್ರಿ ಪಾಳಿಯ ಸಂಬಳದಿಂದ, ಸಬ್ ಬ್ರೋಕರ್ ಕಮಿಷನ್‌ನಿಂದ, ಆಮೇಲೆ ಆ 20 ರೂಪಾಯಿಗಳಿಂದ ಆದ ಹೊಲ.

ಇನ್ನೊಂದು ವಿಷಯ ನೋಡಿ. ಇದೇ ಝೆರೋಧಾ 2023ರಲ್ಲಿ ಸ್ಮಾಲ್‌ಕೇಸ್ ಜೊತೆ ಸೇರಿ ಮ್ಯೂಚುವಲ್ ಫಂಡ್ ಕಂಪೆನಿ ಶುರು ಮಾಡ್ತು. ಯಾವ ಷೇರು ಏರುತ್ತೆ ಅಂತ ಊಹಿಸೋ ಫಂಡ್ ಅದರಲ್ಲಿಲ್ಲ. ಸೂಚ್ಯಂಕದಲ್ಲಿ ಏನಿದೆಯೋ ಅದನ್ನ ಅದೇ ಪ್ರಮಾಣದಲ್ಲಿ ಕೊಂಡು ಸುಮ್ಮನಿರೋ ಇಂಡೆಕ್ಸ್ ಫಂಡ್ ಥರದವು. ಕೋಟಿ ಇದ್ದವರಿಗೆ ಬೇಲಿ, ನಮ್ಮಂಥವರಿಗೆ ಸುಮ್ಮನೆ ಕೊಂಡು ಇಟ್ಟುಕೊಳ್ಳಿ ಅನ್ನೋ ಸಲಹೆ. ಪುಟ್ಟ ಮಾಡ್ತಿದ್ದ ಕೆಲಸ ಎರಡರಲ್ಲೂ ಇಲ್ಲ.

*

ಆ ವರ್ಷ ಸೆಪ್ಟೆಂಬರಿನಲ್ಲಿ ಸೆಬಿಯ ಅಧ್ಯಯನ ಬಂತು. ಪುಟ್ಟನೇ ಓದಿ ಹೇಳಿದ್ದು. 2021–22ರಿಂದ 2023–24ರವರೆಗೆ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯರಲ್ಲಿ ಶೇಕಡಾ 93 ಮಂದಿಗೆ ನಷ್ಟ. ಸರಾಸರಿ ತಲಾ ಸುಮಾರು 2 ಲಕ್ಷ. ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಎಲ್ಲ ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ಶೇಕಡಾ ಒಂದು. ವಹಿವಾಟಿನ ಖರ್ಚೇ ಸುಮಾರು 50 ಸಾವಿರ ಕೋಟಿ, ಅದರಲ್ಲಿ ಅರ್ಧದಷ್ಟು ದಲ್ಲಾಳಿ ಶುಲ್ಕ. ಟೋಲ್ ಅಂದೆನಲ್ಲ, ಅದು.

ಹಾಗಾದ್ರೆ ಗೆದ್ದೋರು ಯಾರು? 2023–24ರಲ್ಲಿ ಸ್ವಂತ ಬಂಡವಾಳದಲ್ಲಿ ಟ್ರೇಡ್ ಮಾಡೋ ಸಂಸ್ಥೆಗಳಿಗೆ ಸುಮಾರು 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರಿಗೆ ಸುಮಾರು 28 ಸಾವಿರ ಕೋಟಿ ಲಾಭ, ಖರ್ಚು ಕಳೆಯೋಕೆ ಮುಂಚೆ. ಅದರಲ್ಲಿ ಶೇಕಡಾ 96–97ರಷ್ಟು ಕಂಪ್ಯೂಟರ್ ಅಲ್ಗಾರಿದಮ್ ಮಾಡಿದ ವ್ಯವಹಾರದಿಂದ. ಅಂದ್ರೆ ನಮ್ಮ ಹುಡುಗ ಕೆಂಗೇರಿ ಮೆಟ್ರೋದಲ್ಲಿ ಕಂಬಿ ಹಿಡ್ಕೊಂಡು ಹೆಬ್ಬೆರಳಿನಲ್ಲಿ ಒತ್ತುತ್ತಿದ್ದಾಗ ಎದುರಿಗೆ ಕೂತಿದ್ದಿದ್ದು ಯಂತ್ರ. ಆ ನವೆಂಬರಿನಿಂದ ಸೆಬಿ ಒಂದು ಒಪ್ಪಂದದ ಕನಿಷ್ಠ ಮೌಲ್ಯವನ್ನ 15 ಲಕ್ಷಕ್ಕೆ ಏರಿಸಿತು, ವಾರದ ಗಡುವಿನ ಚೀಟಿಗಳನ್ನ ಕಮ್ಮಿ ಮಾಡಿಸಿತು. ಪುಟ್ಟನ ಪಾಲಿಗೆ ಆರು ತಿಂಗಳು ತಡ ಆಗಿತ್ತು.

ರಾಜೀನಾಮೆ ಪತ್ರ ಏನಾಯ್ತು ಅಂತ ನೀವು ಕೇಳಬಹುದು. ನನ್ನ ಭಾಷಣದಿಂದ ನಿಂತಿತು ಅಂತ ಬರೆದುಕೊಳ್ಳೋಕೆ ಆಸೆ. ಹಾಗಾಗಲಿಲ್ಲ. ಆ ಗುರುವಾರ ರಾತ್ರಿ ಅವನು "ಮಾಮ, ಕಳಕೊಂಡಿದ್ದು ಒಂದ್ಸಲ ವಾಪಸ್ ಬಂದ್ಬಿಟ್ರೆ ಸಾಕು, ಆಮೇಲೆ ಮುಟ್ಟಲ್ಲ" ಅಂದ. ಆಗ ನಾನು 2008ರ ಕಥೆ ಹೇಳಿದೆ. ಯಾರಿಗೂ ಹೇಳಿರದ ಕಥೆ. ನಾನೂ ಅದೇ ಮಾತು ಹೇಳಿಕೊಂಡು, ಉಳಿದಿದ್ದ ಷೇರನ್ನ ತಳ ಮುಟ್ಟಿದಾಗ ಮಾರಿ, ಆ ದುಡ್ಡಲ್ಲಿ ಇನ್ನೊಂದು ಆಟ ಆಡಿ ಅದನ್ನೂ ಕಳಕೊಂಡಿದ್ದೆ. ನೂರರಲ್ಲಿ ಐವತ್ತು ಹೋದ್ರೆ, ಮತ್ತೆ ನೂರಾಗೋಕೆ ಉಳಿದ ಐವತ್ತು ಎರಡರಷ್ಟಾಗಬೇಕು. ಲೆಕ್ಕ ಬರೆಯೋ ನನಗೇ ಅವತ್ತು ಈ ಲೆಕ್ಕ ಹೊಳೆದಿರಲಿಲ್ಲ.

ಹೇಳ್ತಾ ಇರೋವಾಗ ಬಾಗಿಲಲ್ಲಿ ಹಾಲಿನ ಲೋಟ ಹಿಡ್ಕೊಂಡು ನನ್ನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಹುರುಳಿಕಾಯಿ ಬಿಡಿಸ್ತಾ, ತಲೆ ಎತ್ತದೇ ಹೇಳಿದಳು: "ಆಗ ಹೇಳಿದ್ರೆ ನನ್ನ ಎರಡು ಬಳೆ ಮಾರಿ ಒಂದೇ ಸಲಕ್ಕೆ ತೀರಿಸಬಹುದಿತ್ತಲ್ರೀ. ಮೂರು ವರ್ಷದ ಬಡ್ಡಿ ಯಾರಪ್ಪನ ಮನೆ ದುಡ್ಡು?"

ಅಷ್ಟೇ. ನಷ್ಟ ಆಗಿದ್ದಕ್ಕೆ ಒಂದು ಮಾತೂ ಬೈಯಲಿಲ್ಲ. ಬೋನಸ್ ಇಲ್ಲ ಅಂತ ಹೇಳಿದ್ದಕ್ಕೆ ಮಾತ್ರ ಈಗಲೂ ಪ್ರತಿ ದೀಪಾವಳಿಗೆ ಕೇಳ್ತಾಳೆ, "ಈ ವರ್ಷ ನಿಜವಾಗ್ಲೂ ಎಷ್ಟು ಬಂತು?" ಅಂತ.

ಪುಟ್ಟ ಇದನ್ನೆಲ್ಲ ನೋಡ್ತಿದ್ದ. ಮುಂದಿನ ಭಾನುವಾರ ಅಕ್ಕ ಬಂದಾಗ ಸ್ಟೇಷನ್ನಿನಿಂದ ಮನೆಗೆ ಬರೋ ದಾರಿಯಲ್ಲೇ ಅವಳಿಗೆ ಹೇಳಿದನಂತೆ. ಮನೆಗೆ ಬಂದ ಅಕ್ಕ ಚೀಲ ಕೆಳಗಿಟ್ಟು ನನ್ನನ್ನೇ ನೋಡಿದಳು. "ನೀನು ಮನೇಲಿದ್ದೂ ಗೊತ್ತಾಗಲಿಲ್ವೇನೋ?" ಅಂದಳು. ಅದಕ್ಕೆ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ.

*

ಪುಟ್ಟ ಕೆಲಸ ಬಿಡಲಿಲ್ಲ. ಎರಡು ಲಕ್ಷದ ಸಾಲದ ಕಂತು ಹದಿನೆಂಟು ತಿಂಗಳು ಕಟ್ಟಿ ಮುಗಿಸಿದ. ಅಕ್ಕನ 80 ಸಾವಿರದಲ್ಲಿ ಇನ್ನೂ ಸ್ವಲ್ಪ ಬಾಕಿ ಇದೆ. ತಿಂಗಳಿಗೆ ಮೂರು ಸಾವಿರ ಒಂದು ಇಂಡೆಕ್ಸ್ ಫಂಡಿಗೆ ಹೋಗುತ್ತೆ. ನಿಖಿಲ್ ಕಾಮತ್ ಸಂದರ್ಶನಗಳನ್ನ ಈಗಲೂ ನೋಡ್ತಾನೆ, ನಾನೂ ಒಂದೊಂದ್ಸಲ ಜೊತೆಗೆ ಕೂರ್ತೀನಿ. 2023ರಲ್ಲಿ ಅವರು ಗಿವಿಂಗ್ ಪ್ಲೆಡ್ಜ್‌ಗೆ ಸಹಿ ಹಾಕಿದ್ರು, ಅಂದ್ರೆ ಸಂಪತ್ತಿನ ಬಹುಪಾಲು ಸಮಾಜಕ್ಕೆ ಕೊಡ್ತೀನಿ ಅನ್ನೋ ಮಾತು. ಗೌರವ ಇದೆ. ಅವರ ಗೆಲುವಿನ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆ ಗೆಲುವನ್ನ ಎರಡು ಸಾಲಿಗೆ ಇಳಿಸಿ, ಸಂಗೀತ ಹಾಕಿ, ಅರ್ಧ ನಿಮಿಷದ ವಿಡಿಯೋ ಮಾಡಿ ಹುಡುಗರಿಗೆ ತೋರಿಸೋರ ಮೇಲೆ ಮಾತ್ರ ಸಿಟ್ಟಿದೆ.

ಮೊನ್ನೆ ಮಾರುಕಟ್ಟೆ ಜೋರಾಗಿ ಏರಿದ್ದ ದಿನ ಊಟ ಮಾಡ್ತಾ ಪುಟ್ಟ ಅಂದ, "ಮಾಮ, ಇವತ್ತು ಒಂದು ಲಾಟ್ ತಗೊಂಡಿದ್ರೆ.."

ನಾನು, ನನ್ನ ಹೆಂಡತಿ ಇಬ್ಬರೂ ತುತ್ತು ನಿಲ್ಲಿಸಿ ಅವನ ಮುಖ ನೋಡಿದ್ವಿ.

"ಸುಮ್ನೆ ಹೇಳ್ದೆ" ಅಂತ ಸಾರು ಹಾಕ್ಕೊಂಡ.

ಸುಮ್ನೇ ಹೇಳಿದ್ದೋ ಅಲ್ವೋ, ನಾನು ಈಗ ವಾರಕ್ಕೊಂದ್ಸಲ ಮಹಡಿಗೆ ಹೋಗಿ ಹತ್ತು ನಿಮಿಷ ಕೂತು ಬರ್ತೀನಿ. ನಿಮ್ಮ ಮನೆಯಲ್ಲೂ ಇಂಥ ಮಹಡಿ ರೂಮು, ಇಂಥ ಹುಡುಗ ಇದ್ರೆ ಒಂದ್ಸಲ ಮೇಲೆ ಹೋಗಿ ಬನ್ನಿ. ಹೋಗೋವಾಗ ನಿಮ್ಮ 2008ನ್ನೂ ತಗೊಂಡು ಹೋಗಿ. ನನಗೆ ಕೆಲಸಕ್ಕೆ ಬಂದಿದ್ದು ಅದೊಂದೇ.

ಮತ್ತೆ ಸಿಗೋಣ..